ದೇವರು ವರ ಕೊಟ್ಟರೂ…

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ದಿನಾ ಬೆಳಿಗ್ಗೆ ನನ್ನ ಜೊತೆ ನಡೆಯುವ ಮೇಷ್ಟ್ರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಮೊನ್ನೆ ಮಾತು ಹೇಗೋ ಉತ್ತರ ಕೊರಿಯಾಕ್ಕೆ ಹೋಯಿತು.

"ಅಣ್ವಸ್ತ್ರ ಬಿಡಿಸೋಣ ಅಂತ ಟ್ರಂಪ್ ಅಲ್ಲಿನ ನಾಯಕ ಕಿಮ್ ಜೊತೆ ಮಾತಾಡಕ್ಕೆ ಒಳ್ಳೇ ಮನಸ್ಸಿನಿಂದಲೇ ಹೋಗಿದ್ರು ಕಣ್ರೀ. ಆ ಸರ್ಕಾರದ ಒಳಗಿನವರು ಇದ್ದಾರಲ್ಲ, ಡೀಪ್ ಸ್ಟೇಟು, ಅವರು ಕೆಡಿಸಿಬಿಟ್ರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಂಗೆ" ಅಂದರು.

ನಾನು "ಹ್ಞೂಂ" ಅಂದು ಸುಮ್ಮನಾದೆ. ಒಪ್ಪಿಗೆ ಇತ್ತು ಅಂತಲ್ಲ. ಆ ಗಾದೆಯಲ್ಲಿ ಬರುವ ಪೂಜಾರಿಯ ಕೆಲಸವನ್ನು ನಾನೇ ಒಂದಷ್ಟು ವರ್ಷ ಮಾಡಿದ್ದೇನೆ. ಅದು ನೆನಪಾಯಿತು.

ಬ್ಯಾಂಕಿನಲ್ಲಿ ನನ್ನ ಸರ್ವೀಸಿನ ಒಂದು ಭಾಗ ಫಾರೆಕ್ಸ್ ಸೆಕ್ಷನ್ನಿನಲ್ಲಿ ಕಳೆಯಿತು. 2006ರ ಸುಮಾರಿಗೆ ಊದುಬತ್ತಿ ರಫ್ತು ಮಾಡುವ ಒಬ್ಬರು ನಮ್ಮ ಗಿರಾಕಿ. ಸಣ್ಣ ವ್ಯಾಪಾರ, ಮನೆ ಹಿಂದೆಯೇ ಶೆಡ್ಡು. ಕೊಲ್ಲಿಯ ಕಡೆಯ ಒಬ್ಬ ಖರೀದಿದಾರನಿಂದ ಹನ್ನೊಂದು ಸಾವಿರ ಡಾಲರ್ ಬರಬೇಕಿತ್ತು. ಡಾಲರ್ ಅಂದಮೇಲೆ ದುಡ್ಡು ನ್ಯೂಯಾರ್ಕ್ ಸುತ್ತಿಯೇ ಬರಬೇಕು. ಅಲ್ಲಿ ನಿಂತುಬಿಟ್ಟಿತು. ಖರೀದಿದಾರನ ಹೆಸರು ಅಮೆರಿಕದ ನಿರ್ಬಂಧದ ಪಟ್ಟಿಯಲ್ಲಿದ್ದ ಯಾವುದೋ ಹೆಸರಿಗೆ ಅರ್ಧ ಹೋಲುತ್ತಿತ್ತು, ಅಷ್ಟೇ. ಅಲ್ಲಿಂದ ಒಂದು ಮೆಸೇಜ್ ಬಂತು: ಈತ ಯಾರು, ವಿಳಾಸ ಏನು, ಸರಕು ಏನು, ತಿಳಿಸಿ.

ಕಾಗದ ಎಲ್ಲ ನನ್ನ ಮೇಜಿನ ಮೇಲೇ ಇತ್ತು. ಅರ್ಧ ಗಂಟೆ ಕೂತಿದ್ದರೆ ಉತ್ತರ ಬರೆಯಬಹುದಿತ್ತು. ಬರೆಯಲಿಲ್ಲ. "ಹೆಡ್ ಆಫೀಸಿನ ಸಲಹೆ ಬಂದ ಮೇಲೆ ಮುಂದುವರಿಯಬಹುದು" ಎಂದು ನೋಟ್ ಹಾಕಿ ಫೈಲು ಮೇಲಕ್ಕೆ ಕಳಿಸಿದೆ. ಹೆಡ್ ಆಫೀಸಿನವರು ಇನ್ನೆರಡು ಪ್ರಶ್ನೆ ಹಾಕಿ ಕೆಳಕ್ಕೆ ಕಳಿಸಿದರು. ನಾಲ್ಕು ತಿಂಗಳು ಹೋಯಿತು.

ನನಗೆ ಆ ಊದುಬತ್ತಿಯವರ ಮೇಲೆ ದ್ವೇಷ ಇತ್ತೇ? ಇಲ್ಲವೇ ಇಲ್ಲ. ಪಾಪ, ಯುಗಾದಿಗೆ ಒಂದು ಡಬ್ಬ ಊದುಬತ್ತಿ ತಂದುಕೊಡುತ್ತಿದ್ದರು. ಆದರೆ "ಆಯಿತು" ಅಂದು ಏನಾದರೂ ಎಡವಟ್ಟಾದರೆ ನನ್ನ ಪಿಂಚಣಿಗೆ ಕುತ್ತು. "ನೋಡೋಣ" ಅಂದರೆ ನನಗೆ ಕಳೆದುಹೋಗುವುದು ಏನೂ ಇಲ್ಲ. ಒಳಗಿನವರು ಅಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಕಾಣುವುದು ಆ ಮೇಜು, ಆ ಫೈಲು.

ಅದೇ ಹೊತ್ತಿಗೆ ಮಕಾವ್‌ನಲ್ಲಿ ಇಂಥದ್ದೇ ಒಂದು ಕತೆ ನಡೆಯುತ್ತಿತ್ತು. ಊದುಬತ್ತಿ ದುಡ್ಡಲ್ಲ, ಉತ್ತರ ಕೊರಿಯಾದ ದುಡ್ಡು. ನನ್ನ ಕಸುಬಿಗೆ ಹತ್ತಿರದ ವಿಷಯವಾದ್ದರಿಂದ ಆಗಲೇ ಗಮನಿಸಿದ್ದೆ. ಈಗಲೂ ಈ ಚರ್ಚೆ ಬಂದರೆ ನನಗೆ ಟ್ರಂಪ್‌ಗಿಂತ ಮೊದಲು ನೆನಪಾಗುವುದು ಅದೇ.

2005ರ ಸೆಪ್ಟೆಂಬರ್ 19. ಬೀಜಿಂಗ್‌ನಲ್ಲಿ ಆರು ದೇಶಗಳ ಮಾತುಕತೆ. ಎರಡು ಕೊರಿಯಾ, ಅಮೆರಿಕ, ಚೀನಾ, ಜಪಾನ್, ರಷ್ಯಾ. ಉತ್ತರ ಕೊರಿಯಾ ತನ್ನ ಅಣ್ವಸ್ತ್ರಗಳನ್ನೂ ಅಣು ಕಾರ್ಯಕ್ರಮವನ್ನೂ ಬಿಟ್ಟುಬಿಡುತ್ತೇನೆ ಎಂದು ಬರೆದುಕೊಟ್ಟಿತು. ಅಮೆರಿಕದ ಕಡೆಯಿಂದ ಮಾತಾಡಿದವರು ಕ್ರಿಸ್ಟೋಫರ್ ಹಿಲ್. ದೊಡ್ಡ ಸುದ್ದಿ. ಆದರೆ ನಾಲ್ಕು ದಿನ ಮೊದಲು, ಸೆಪ್ಟೆಂಬರ್ 15ಕ್ಕೆ, ಅದೇ ಅಮೆರಿಕದ ಖಜಾನೆ ಇಲಾಖೆ ಮಕಾವ್‌ನ ಬ್ಯಾಂಕೊ ಡೆಲ್ಟಾ ಏಷ್ಯಾ ಎಂಬ ಸಣ್ಣ ಬ್ಯಾಂಕಿನ ಮೇಲೆ "ಕಪ್ಪುಹಣ ಬಿಳಿ ಮಾಡುವ ಜಾಗ" ಎಂದು ಮೊಹರು ಒತ್ತಿತ್ತು. ಉತ್ತರ ಕೊರಿಯಾದ ಸುಮಾರು 2.5 ಕೋಟಿ ಡಾಲರ್ ಅಲ್ಲಿ ಸಿಕ್ಕಿಕೊಂಡಿತು.

ಒಂದು ದೇಶಕ್ಕೆ 2.5 ಕೋಟಿ ಡಾಲರ್ ದೊಡ್ಡ ಮೊತ್ತವಲ್ಲ. ಪೆಟ್ಟು ಬಿದ್ದದ್ದು ಬೇರೆ ಕಡೆ. ಬ್ಯಾಂಕಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಖಜಾನೆ ಒಬ್ಬನ ಮೇಲೆ ಬೆರಳು ತೋರಿಸಿದರೆ ಮಿಕ್ಕ ಬ್ಯಾಂಕುಗಳು ಕಾನೂನು ಓದುತ್ತಾ ಕೂರುವುದಿಲ್ಲ. "ನಮಗ್ಯಾಕಪ್ಪಾ ಈ ಉಸಾಬರಿ" ಎಂದು ತಾವಾಗಿಯೇ ಖಾತೆ ಮುಚ್ಚುತ್ತವೆ. ಊದುಬತ್ತಿ ಫೈಲಿಗೆ ನಾನು ಮಾಡಿದ್ದೂ ಅದೇ ಅಲ್ವಾ? ಉತ್ತರ ಕೊರಿಯಾದ ರಾಜಧಾನಿ ಪ್ಯೋಂಗ್ಯಾಂಗ್ ರೊಚ್ಚಿಗೆದ್ದಿತು. ದುಡ್ಡು ಬಿಡುವವರೆಗೆ ಮಾತಿಲ್ಲ ಎಂದಿತು. 2006ರ ಜುಲೈನಲ್ಲಿ ಕ್ಷಿಪಣಿ ಹಾರಿಸಿತು. ಅಕ್ಟೋಬರ್ 9ಕ್ಕೆ ಮೊದಲ ಅಣು ಪರೀಕ್ಷೆ.

ಇದು ಬೇಕೆಂದೇ ಮಾಡಿದ ಕಿತಾಪತಿಯೇ? ಮೇಷ್ಟ್ರನ್ನು ಕೇಳಿದರೆ "ಮತ್ತೇನ್ರೀ" ಅಂತಾರೆ. ಖಜಾನೆಯವರ ಮಾತು ಬೇರೆ: ಖೋಟಾ ಡಾಲರ್ ನೋಟಿನ ತನಿಖೆ ವರ್ಷಗಳಿಂದ ನಡೆಯುತ್ತಿತ್ತು, ಇದು ಕಾನೂನಿನ ವಿಷಯ, ಮಾತುಕತೆಗೂ ಇದಕ್ಕೂ ಸಂಬಂಧ ಇಲ್ಲ. ಎರಡೂ ನಿಜ ಇರಬಹುದು ಎನ್ನುವುದು ನನ್ನ ಅನಿಸಿಕೆ. ತನಿಖೆ ಸುಳ್ಳಲ್ಲ. ಆದರೆ ಬುಷ್ ಸರ್ಕಾರದೊಳಗೆ ಹಿಲ್ ಅವರ ಮಾತುಕತೆಯೇ ಬೇಡ ಎನ್ನುವ ದೊಡ್ಡ ಗುಂಪಿತ್ತು. ಉಪಾಧ್ಯಕ್ಷ ಡಿಕ್ ಚೇನಿ ಅದರಲ್ಲಿ ಮುಂದೆ ಇದ್ದವರು. ಆ ಮೊಹರು ಒತ್ತುವ ಮುನ್ನ "ಒಂದು ತಿಂಗಳು ತಡೀರಪ್ಪಾ" ಎನ್ನಲು ಅವರಿಗೆ ಯಾವ ಕಾರಣವೂ ಇರಲಿಲ್ಲ. ಸಂಚು ಮಾಡಬೇಕಾಗಿಯೇ ಇಲ್ಲ. ಒಬ್ಬರು ತಮ್ಮ ಕೆಲಸ ಮಾಡುತ್ತಾರೆ, ಇನ್ನೊಬ್ಬರು ತಡೆಯುವುದಿಲ್ಲ. ಅಷ್ಟು ಸಾಕು.

ಕತೆಯ ಮುಂದಿನ ಭಾಗವನ್ನು ಮೇಷ್ಟ್ರಂಥವರು ಹೇಳುವುದಿಲ್ಲ. ಅದೇ ನನಗೆ ಜಾಸ್ತಿ ಮುಖ್ಯ ಅನಿಸುವುದು. ಬಾಂಬ್ ಸಿಡಿದ ಮೇಲೆ ಬುಷ್ ಮನಸ್ಸು ಬದಲಿಸಿದರು. ಮಾತುಕತೆ ಬೇಡ ಎನ್ನುವ ಗುಂಪಿನ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಕೆಲಸದಿಂದ ಹೋದರು. ಅದೇ ಗುಂಪಿನ ಜಾನ್ ಬೋಲ್ಟನ್ ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಹುದ್ದೆ ಬಿಟ್ಟರು. 2007ರ ಜನವರಿಯಲ್ಲಿ ಹಿಲ್ ಬರ್ಲಿನ್‌ಗೆ ಹೋಗಿ ಉತ್ತರ ಕೊರಿಯಾದ ಕಿಮ್ ಕ್ಯೆ ಗ್ವಾನ್ ಜೊತೆ ಕೂತು ಮಾತಾಡಿದರು. ಫೆಬ್ರವರಿ 13ಕ್ಕೆ ಹೊಸ ಒಪ್ಪಂದ. ದುಡ್ಡು ವಾಪಸ್ ಕೊಡುತ್ತೇವೆ ಎಂದು ಅಮೆರಿಕ ಹೇಳಿತು.

ಆಗ ಶುರುವಾಯಿತು ನೋಡಿ ತಮಾಷೆ. ದುಡ್ಡು ಬಿಟ್ಟರೂ ಮುಟ್ಟುವ ಬ್ಯಾಂಕ್ ಇಲ್ಲ! ಬ್ಯಾಂಕ್ ಆಫ್ ಚೀನಾ ಕೂಡ ಒಲ್ಲೆ ಎಂದಿತು. ಮಡಿಯಲ್ಲಿರುವವರು ಮೈಲಿಗೆ ಬಟ್ಟೆ ಕಂಡ ಹಾಗೆ ಎಲ್ಲರೂ ಹಿಂದೆ ಸರಿದರು. ತಿಂಗಳುಗಟ್ಟಲೆ ಹೆಣಗಾಡಿ ಕೊನೆಗೆ ಅಮೆರಿಕದ್ದೇ ಕೇಂದ್ರೀಯ ಬ್ಯಾಂಕಿನ ನ್ಯೂಯಾರ್ಕ್ ಶಾಖೆಯ ಮೂಲಕ ಸಾಗಿಸಿ, ರಷ್ಯಾದ ದೂರಪೂರ್ವದ ಒಂದು ಬ್ಯಾಂಕಿಗೆ ಮುಟ್ಟಿಸಿದರು. ಅದು 2007ರ ಜೂನ್. ಜುಲೈನಲ್ಲಿ ಉತ್ತರ ಕೊರಿಯಾಕ್ಕೆ ಬಾಂಬಿನ ಪ್ಲುಟೋನಿಯಂ ಕೊಡುತ್ತಿದ್ದ ಯೋಂಗ್‌ಬ್ಯೋನ್ ರಿಯಾಕ್ಟರ್ ನಿಂತಿತು. ಮುಂದಿನ ವರ್ಷ ಜೂನ್‌ನಲ್ಲಿ ಅದರ ಕೂಲಿಂಗ್ ಟವರನ್ನು ಟಿವಿ ಕ್ಯಾಮೆರಾಗಳ ಎದುರೇ ಉಡಾಯಿಸಿದರು. ಅಂದರೆ ಧಣಿಗೆ ನಿಜವಾಗಿ ಬೇಕು ಅನಿಸಿದರೆ ಅದೇ ಪೂಜಾರಿಗಳು ಗರ್ಭಗುಡಿಯ ಬಾಗಿಲು ತೆಗೆಯುತ್ತಾರೆ. ಗೊಣಗಿಕೊಂಡಾದರೂ ತೆಗೆಯುತ್ತಾರೆ.

ಈಗ ಬೋಲ್ಟನ್ ವಿಷಯ. ಮೇಷ್ಟ್ರು "ಒಳಗಿನವರು" ಅಂದಾಗ ಅವರ ಮನಸ್ಸಿನಲ್ಲಿದ್ದದ್ದು ಈ ಬಿಳಿ ಮೀಸೆಯ ಮನುಷ್ಯನೇ. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಗುಟ್ಟಾಗಿ ಏನನ್ನೂ ಕೆಡಿಸಲಿಲ್ಲ. ಹೇಳಿ, ಬರೆದು, ಎದೆ ತಟ್ಟಿಕೊಂಡೇ ಕೆಡಿಸಿದರು.

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1994ರ ಅಕ್ಟೋಬರ್‌ನಲ್ಲಿ ಕ್ಲಿಂಟನ್ ಸರ್ಕಾರ ಜಿನೀವಾದಲ್ಲಿ ಒಂದು ಒಪ್ಪಂದ ಮಾಡಿಕೊಂಡಿತ್ತು. ಯೋಂಗ್‌ಬ್ಯೋನ್ ಕೆಲಸ ನಿಲ್ಲಿಸಿ, ಬದಲಿಗೆ ವರ್ಷಕ್ಕೆ 5 ಲಕ್ಷ ಟನ್ ಉರಿಸುವ ಎಣ್ಣೆ, ಮುಂದೆ ಎರಡು ವಿದ್ಯುತ್ ರಿಯಾಕ್ಟರ್. ಸಹಿ ಬಿದ್ದು ಕೆಲವೇ ವಾರಕ್ಕೆ ಅಮೆರಿಕದ ಸಂಸತ್ತು ರಿಪಬ್ಲಿಕನ್ನರ ಕೈಗೆ ಹೋಯಿತು. ಎಣ್ಣೆಗೆ ದುಡ್ಡು ಬಿಡುವುದೇ ಪ್ರತಿ ವರ್ಷದ ಜಗಳವಾಯಿತು. 2003ಕ್ಕೆ ಮುಗಿಯಬೇಕಿದ್ದ ರಿಯಾಕ್ಟರಿಗೆ ಮೊದಲ ಕಾಂಕ್ರೀಟ್ ಬಿದ್ದದ್ದು 2002ರ ಆಗಸ್ಟ್‌ನಲ್ಲಿ. ನಮ್ಮೂರಿನ ರಿಂಗ್ ರೋಡ್ ಕಾಮಗಾರಿ ಪರವಾಗಿಲ್ಲ ಅನಿಸುತ್ತದೆ.

ಅದೇ 2002ರಲ್ಲಿ ಉತ್ತರ ಕೊರಿಯಾ ಬಾಂಬಿನ ಇನ್ನೊಂದು ದಾರಿ ಹಿಡಿದು, ಕದ್ದುಮುಚ್ಚಿ ಯುರೇನಿಯಂ ಸಂಸ್ಕರಿಸಲು ಹೊರಟಿದೆ ಎಂಬ ಗುಪ್ತಚರ ಮಾಹಿತಿ ಬಂತು. ಬೋಲ್ಟನ್ ಆಗ ವಿದೇಶಾಂಗ ಇಲಾಖೆಯಲ್ಲಿ ಶಸ್ತ್ರ ನಿಯಂತ್ರಣದ ಹೊಣೆ ಹೊತ್ತಿದ್ದರು. 1994ರ ಒಪ್ಪಂದವನ್ನು ಒಡೆದು ಹಾಕಲು ತಾನು ಹುಡುಕುತ್ತಿದ್ದ ಸುತ್ತಿಗೆ ಸಿಕ್ಕಿತು ಎಂದು ಅವರೇ ಆಮೇಲೆ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದರು. ಇದನ್ನು ಓದಿದ ಮೇಲೆ ಗುಪ್ತ ಸಂಚು ಹುಡುಕುವ ಕಷ್ಟ ಯಾಕೆ?

ಮಾಹಿತಿ ಸುಳ್ಳಾಗಿರಲಿಲ್ಲ, ಅದೂ ನೆನಪಿರಲಿ. 2010ರಲ್ಲಿ ಉತ್ತರ ಕೊರಿಯಾದವರೇ ಅಮೆರಿಕದ ವಿಜ್ಞಾನಿ ಸೀಗ್‌ಫ್ರೈಡ್ ಹೆಕರ್ ಅವರನ್ನು ಕರೆದುಕೊಂಡು ಹೋಗಿ ಯುರೇನಿಯಂ ಘಟಕ ತೋರಿಸಿದರು. ಆದರೆ ಒಪ್ಪಂದ ಒಡೆದದ್ದರ ಲೆಕ್ಕ ನೋಡಿ. ಅಂತರರಾಷ್ಟ್ರೀಯ ಪರಿವೀಕ್ಷಕರ ಕಣ್ಣೆದುರು ಸೀಲು ಹಾಕಿ ಇಟ್ಟಿದ್ದ, ಪ್ಲುಟೋನಿಯಂ ತೆಗೆಯಬಹುದಾದ ಸುಮಾರು 8,000 ಇಂಧನ ಸರಳುಗಳು ಇದ್ದವು. 2002ರ ಡಿಸೆಂಬರ್‌ನಲ್ಲಿ ಎಣ್ಣೆ ನಿಂತಿತು, ಪರಿವೀಕ್ಷಕರನ್ನು ಓಡಿಸಿದರು, ಸೀಲು ಕಿತ್ತರು. ಮುಂದೆ ಬರಬಹುದಾದ ಯುರೇನಿಯಂ ಬಾಂಬಿಗೆ ಹೆದರಿ, ಸೀಲಿನಲ್ಲಿದ್ದ ಪ್ಲುಟೋನಿಯಂ ಕೈಬಿಟ್ಟ ಹಾಗಾಯಿತು. ಇಲಿ ಬಂತು ಅಂತ ಮನೆಗೆ ಬೆಂಕಿ ಇಟ್ಟ ಹಾಗೆ.

ಅದೇ ಬೋಲ್ಟನ್ 2018ರ ಏಪ್ರಿಲ್‌ನಲ್ಲಿ ಟ್ರಂಪ್‌ಗೆ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿ ಬಂದರು. ಬಂದ ತಿಂಗಳೇ ಟಿವಿಯಲ್ಲಿ ಕೂತು ಉತ್ತರ ಕೊರಿಯಾಕ್ಕೆ "ಲಿಬಿಯಾ ಮಾದರಿ" ಮನಸ್ಸಿನಲ್ಲಿದೆ ಎಂದರು. ಲಿಬಿಯಾ ಆಳುತ್ತಿದ್ದ ಗಡಾಫಿ 2003ರಲ್ಲಿ ಅಣು ಕಾರ್ಯಕ್ರಮ ಒಪ್ಪಿಸಿದ್ದರು. 2011ರಲ್ಲಿ ಬೀದಿಯಲ್ಲಿ ಸತ್ತರು. ಕಿಮ್ ಜಾಂಗ್ ಉನ್‌ಗೆ ಆ ಎರಡು ಇಸವಿಗಳ ನಡುವೆ ಏನಾಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೇ 16ಕ್ಕೆ ಪ್ಯೋಂಗ್ಯಾಂಗ್ ಬೋಲ್ಟನ್ ಹೆಸರು ಹಿಡಿದೇ ಬೈದು ಹೇಳಿಕೆ ಬಿಟ್ಟಿತು. (ಅದೇ ದಿನ ನಮ್ಮ ವಿದೇಶಾಂಗ ರಾಜ್ಯ ಸಚಿವ ವಿ. ಕೆ. ಸಿಂಗ್ ಪ್ಯೋಂಗ್ಯಾಂಗ್‌ನಲ್ಲೇ ಇದ್ದರು. ಸುಮಾರು 20 ವರ್ಷಗಳ ನಂತರ ಭಾರತದ ಮಂತ್ರಿಯೊಬ್ಬರು ಅಲ್ಲಿಗೆ ಹೋದದ್ದು. ನಮ್ಮ ಪತ್ರಿಕೆಗಳಲ್ಲಿ ಇದು ಯಾರ ಕಣ್ಣಿಗೂ ಬಿದ್ದ ಹಾಗಿಲ್ಲ. ಕರ್ನಾಟಕದಲ್ಲಿ ಆಗ ಚುನಾವಣೆ ಫಲಿತಾಂಶದ ಗಲಾಟೆ.)

ಆದರೂ ಜೂನ್ 12ಕ್ಕೆ ಸಿಂಗಪುರದ ಸೆಂತೋಸಾ ದ್ವೀಪದಲ್ಲಿ ಭೇಟಿ ನಡೆದೇ ನಡೆಯಿತು. ಅಲ್ಲಿ ಟ್ರಂಪ್ ಪತ್ರಕರ್ತರ ಎದುರು, ದಕ್ಷಿಣ ಕೊರಿಯಾ ಜೊತೆಗಿನ ಸೇನಾ ಕವಾಯತು ನಿಲ್ಲಿಸುತ್ತೇನೆ ಎಂದರು. ಸೇನೆಯವರಿಗೆ ಇದು ಸಿಡಿಲು. ಆದರೂ ಆಗಸ್ಟ್‌ನ ದೊಡ್ಡ ಕವಾಯತು ನಿಂತಿತು. ಮೇಷ್ಟ್ರ ಡೀಪ್ ಸ್ಟೇಟು ಅಷ್ಟು ಗಟ್ಟಿಯಾಗಿದ್ದರೆ ಅದು ನಿಲ್ಲಬಾರದಿತ್ತು, ಅಲ್ವಾ?

ಇನ್ನು ಹನೋಯ್. 2019ರ ಫೆಬ್ರವರಿ. ಕಿಮ್ ತಮ್ಮ ರೈಲಿನಲ್ಲಿ ಚೀನಾ ದಾಟಿ ಎರಡೂವರೆ ದಿನ ಪ್ರಯಾಣ ಮಾಡಿ ವಿಯೆಟ್ನಾಂ ಗಡಿಯ ದೊಂಗ್ ದಾಂಗ್ ಸ್ಟೇಷನ್ನಿನಲ್ಲಿ ಇಳಿದರು. ಅಮೆರಿಕದ ಕಡೆ ಮಾತುಕತೆಯ ಹೊಣೆ ಸ್ಟೀಫನ್ ಬೀಗನ್ ಅವರದ್ದು. ಎರಡೂ ಕಡೆಯವರು ತಮ್ಮ ಮಾತನ್ನು ಒಟ್ಟೊಟ್ಟಿಗೆ, ಜೊತೆಜೊತೆಯಾಗಿ ನಡೆಸಿಕೊಡಬಹುದು ಎಂದು ಅವರು ಜನವರಿ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹೇಳಿದ್ದರು. ಬೋಲ್ಟನ್‌ಗೆ ಇದು ಕಂಡರಾಗುತ್ತಿರಲಿಲ್ಲ. ಭೇಟಿಗೆ ಮೊದಲು ಟ್ರಂಪ್‌ಗೆ ಒಂದು ವಿಡಿಯೋ ತೋರಿಸಿದೆ ಎಂದು ಅವರೇ ಬರೆದಿದ್ದಾರೆ. ಹಿಂದಿನ ಅಧ್ಯಕ್ಷರು ಉತ್ತರ ಕೊರಿಯಾ ಒಪ್ಪಂದಗಳ ಬಗ್ಗೆ ಬೀಗಿದ್ದು ಒಂದು ಕಡೆ, 1986ರಲ್ಲಿ ರೀಗನ್ ರೇಕ್ಯಾವಿಕ್‌ನಲ್ಲಿ ಸೋವಿಯತ್ ನಾಯಕ ಗೊರ್ಬಚೇವ್ ಜೊತೆಗಿನ ಮಾತುಕತೆಯಿಂದ ಎದ್ದು ಬಂದದ್ದು ಇನ್ನೊಂದು ಕಡೆ. ಎದ್ದು ಬಂದರೂ ತಪ್ಪಿಲ್ಲ ಎಂಬ ಪಾಠ.

ಮೆಟ್ರೋಪೋಲ್ ಹೋಟೆಲಿನಲ್ಲಿ ಊಟದ ಮೇಜು ಸಿದ್ಧವಾಗಿತ್ತು. ಊಟ ಆಗಲಿಲ್ಲ. ಸಹಿಯೂ ಆಗಲಿಲ್ಲ. ಉತ್ತರ ಕೊರಿಯಾದವರು ಎಲ್ಲ ನಿರ್ಬಂಧ ತೆಗೆಯಿರಿ ಎಂದರು ಅಂತ ಟ್ರಂಪ್ ಹೇಳಿದರು. ಅವತ್ತು ನಡುರಾತ್ರಿ ಉತ್ತರ ಕೊರಿಯಾದ ವಿದೇಶಾಂಗ ಸಚಿವ ರಿ ಯೋಂಗ್ ಹೋ ಪತ್ರಕರ್ತರನ್ನು ಕರೆದು, ವಿಶ್ವಸಂಸ್ಥೆಯ ಹನ್ನೊಂದು ನಿರ್ಬಂಧ ನಿರ್ಣಯಗಳಲ್ಲಿ ಐದು ಮಾತ್ರ ಕೇಳಿದ್ದು, 2016–17ರವು, ಜನರ ಬದುಕಿಗೆ ಅಡ್ಡ ಬರುವವು, ಬದಲಿಗೆ ಯೋಂಗ್‌ಬ್ಯೋನ್ ಕಳಚಿಹಾಕುತ್ತೇವೆ ಎಂದರು. ಲೆಕ್ಕ ತಿಳಿದವರಿಗೆ ಇಬ್ಬರೂ ಅರ್ಧ ನಿಜ ಹೇಳಿದರು ಎಂದು ಗೊತ್ತಾಗುತ್ತದೆ. ಎಣಿಸಿದರೆ ಐದೇ. ಆದರೆ ಕಲ್ಲಿದ್ದಲು, ಬಟ್ಟೆ, ಮೀನು, ಎಣ್ಣೆ ಎಲ್ಲ ಆ ಐದರಲ್ಲೇ ಇದ್ದವು. ತೂಕ ಹಾಕಿದರೆ ಹೆಚ್ಚುಕಡಿಮೆ ಪೂರ್ತಿ.

ಹಾಗಾದರೆ ಕೆಡಿಸಿದ್ದು ಬೋಲ್ಟನ್ನೇ? ಅವರಿಗೆ ಖುಷಿಯಾಯಿತು, ಅದರಲ್ಲಿ ಅನುಮಾನ ಇಲ್ಲ. ಆದರೆ ಕುರ್ಚಿಯಿಂದ ಎದ್ದವರು ಟ್ರಂಪ್. ಯೋಂಗ್‌ಬ್ಯೋನ್ ಒಂದಕ್ಕೆ ಅಷ್ಟೂ ನಿರ್ಬಂಧ ಬಿಡುವುದು ಒಳ್ಳೆ ವ್ಯಾಪಾರ ಅಲ್ಲ ಎನ್ನುವವರು ಬೋಲ್ಟನ್ ಬಣದಲ್ಲಿ ಮಾತ್ರ ಇರಲಿಲ್ಲ. ಕೆಳಗಿನವರು ತಿಂಗಳುಗಟ್ಟಲೆ ಕೂತು ಹದ ಮಾಡಬೇಕಾದ ಕಾಗದವನ್ನು, ಇಬ್ಬರು ದೊಡ್ಡವರು ಊಟದ ಹೊತ್ತಿಗೆ ಮುಗಿಸುತ್ತೇವೆ ಎಂದು ಹೋದದ್ದೇ ಎಡವಟ್ಟು. ಧಣಿ ಫೈಲು ಓದದೆ ಹೋದರೆ, ಕೊನೆಗೆ ಕಿವಿಯ ಹತ್ತಿರ ಯಾರಿದ್ದಾರೋ ಅವರ ಮಾತು ಗೆಲ್ಲುತ್ತದೆ. ಬ್ಯಾಂಕಿನಲ್ಲೂ ಹಾಗೇ ನಡೆಯುತ್ತಿತ್ತು.

ಮೇಷ್ಟ್ರ ವಾದಕ್ಕೆ ದೊಡ್ಡ ತೊಡಕು ಆಮೇಲಿನದ್ದು. ಜೂನ್ 30ಕ್ಕೆ ಟ್ರಂಪ್ ಪನ್‌ಮುಂಜೊಮ್‌ನಲ್ಲಿ ಗಡಿ ಗೆರೆ ದಾಟಿ ಕಿಮ್ ಕೈ ಕುಲುಕಿದರು. ಬೋಲ್ಟನ್ ಅವತ್ತು ಮಂಗೋಲಿಯಾದಲ್ಲಿದ್ದರು. ಸೆಪ್ಟೆಂಬರ್ 10ಕ್ಕೆ ಅವರ ಕೆಲಸವೇ ಹೋಯಿತು. ಪೂಜಾರಿ ಹೋದರು, ಇನ್ನು ವರ ಸಿಗಬೇಕಿತ್ತು. ಅಕ್ಟೋಬರ್ 5ಕ್ಕೆ ಸ್ಟಾಕ್‌ಹೋಮ್‌ನಲ್ಲಿ ಎರಡೂ ಕಡೆಯವರು ಕೂತರು. ಒಂದೇ ದಿನಕ್ಕೆ ಮುರಿದುಬಿತ್ತು. ಈ ಸಲ ಎದ್ದು ಹೋದವರು ಉತ್ತರ ಕೊರಿಯಾದವರು.

ಅವರ ಕಡೆಯೂ ಒಳಗಿನವರು ಇದ್ದೇ ಇರುತ್ತಾರೆ. 2012ರ ಫೆಬ್ರವರಿ 29ಕ್ಕೆ ಒಬಾಮಾ ಸರ್ಕಾರ 2,40,000 ಟನ್ ಪೌಷ್ಟಿಕ ಆಹಾರ ಕೊಡುವ ಮಾತಾಯಿತು, ಕ್ಷಿಪಣಿ ಪರೀಕ್ಷೆ ನಿಲ್ಲಿಸುತ್ತೇವೆ ಎಂದು ಅವರು ಒಪ್ಪಿದರು. ಸರಿಯಾಗಿ 16 ದಿನಕ್ಕೆ ಉಪಗ್ರಹ ಹಾರಿಸುತ್ತೇವೆ ಎಂದು ಸಾರಿದರು (ಉಪಗ್ರಹದ ರಾಕೆಟ್ಟಿಗೂ ಕ್ಷಿಪಣಿಗೂ ವಿದ್ಯೆ ಒಂದೇ). ಏಪ್ರಿಲ್ 13ಕ್ಕೆ ಹಾರಿಸಿಯೂ ಬಿಟ್ಟರು, ಅದು ಒಡೆದು ಸಮುದ್ರಕ್ಕೆ ಬಿತ್ತು, ಜೊತೆಗೆ ಒಪ್ಪಂದವೂ. ಅಲ್ಲಿ ಯಾರು ಯಾರ ಕಿವಿ ಕಚ್ಚಿದರೋ? ವಾಷಿಂಗ್ಟನ್‌ನ ಒಳಗಿನವರು ನಿವೃತ್ತರಾದ ಕೂಡಲೇ ಪುಸ್ತಕ ಬರೆಯುತ್ತಾರೆ. ಪ್ಯೋಂಗ್ಯಾಂಗ್‌ನವರು ಬರೆಯುವುದಿಲ್ಲ. ಹಾಗಾಗಿ ತಪ್ಪೆಲ್ಲ ಒಂದೇ ಕಡೆಯದು ಅನ್ನುವ ಹಾಗೆ ಕಾಣುತ್ತದೆ.

ಇನ್ನೊಂದು ನೆನಪು ಹೇಳಿಬಿಡುತ್ತೇನೆ, ಇದು ನಮ್ಮ ಮನೆ ಹತ್ತಿರದ್ದು. ಹೆಂಡತಿಯ ತವರು ಮಡಿಕೇರಿ. ಅಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. ಕೊರಿಯಾ ಯುದ್ಧದ ಕೈದಿಗಳ ವಿಷಯ ಇತ್ಯರ್ಥ ಮಾಡಲು ಹೋದ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರು ಅವರೇ. ಎರಡು ವರ್ಷ ಎಳೆದಾಡಿದ ಕದನ ವಿರಾಮದ ಮಾತು 1953ರ ಜೂನ್ 8ಕ್ಕೆ ಕೈದಿಗಳ ವಿಷಯದಲ್ಲಿ ಒಂದು ಹದಕ್ಕೆ ಬಂದಿತ್ತು. ಹತ್ತೇ ದಿನಕ್ಕೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ರಾತ್ರೋರಾತ್ರಿ ಶಿಬಿರಗಳ ಗೇಟು ತೆಗೆಸಿ ಉತ್ತರಕ್ಕೆ ವಾಪಸ್ ಹೋಗಲೊಲ್ಲದ ಸುಮಾರು 27,000 ಕೈದಿಗಳನ್ನು ಓಡಿಹೋಗಲು ಬಿಟ್ಟರು. ಅಮೆರಿಕಕ್ಕೂ ಹೇಳಿರಲಿಲ್ಲ. ಕೆಡಿಸುವುದು ಅಂದರೆ ಇದು! ಆದರೂ ಕೆಡಲಿಲ್ಲ. ಐಸೆನ್‌ಹೋವರ್‌ಗೆ ಯುದ್ಧ ಮುಗಿಸಲೇಬೇಕಿತ್ತು, ಚೀನಾಕ್ಕೂ ಸಾಕಾಗಿತ್ತು. ಜುಲೈ 27ಕ್ಕೆ ಸಹಿ ಬಿತ್ತು. ಭಾರತದ ಸೈನಿಕರು ತನ್ನ ನೆಲ ಮೆಟ್ಟಕೂಡದು ಎಂದು ರೀ ಹಠ ಹಿಡಿದರು. ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ಸೀದಾ ನಡುವಿನ ನಿಸ್ಸೇನಾ ಪಟ್ಟಿಯಲ್ಲಿ ಇಳಿಸಿದರು. ಅಲ್ಲಿಗೆ ರೀ ಹಠವೂ ಉಳಿಯಿತು, ಕೆಲಸವೂ ಆಯಿತು.

ಇದನ್ನೆಲ್ಲ ಮೇಷ್ಟ್ರಿಗೆ ಮರುದಿನ ಹೇಳಿದೆ. ಒಂದೂವರೆ ಸುತ್ತು ಕೇಳಿಸಿಕೊಂಡರು. "ಅಂದ್ರೆ ನೀವು ಬೋಲ್ಟನ್ ಪರ ಅನ್ನಿ" ಅಂದರು. ನಾನು ನಕ್ಕೆ.

ಊದುಬತ್ತಿಯವರ ದುಡ್ಡು ನಾಲ್ಕು ತಿಂಗಳ ಮೇಲೆ ಬಂತು. ಮುಂದಿನ ಆರ್ಡರ್ ಬೇರೆಯವರ ಪಾಲಾಗಿತ್ತು. ನಿವೃತ್ತಿಯಾದ ಮೇಲೆ ಒಂದು ದಿನ ದೇವರಾಜ ಮಾರುಕಟ್ಟೆಯಲ್ಲಿ ಅವರು ಸಿಕ್ಕರು. ಕೈ ಹಿಡಿದುಕೊಂಡು ಮಾತಾಡಿಸಿದರು. ನಾನೇ ಆ ಹಳೇ ವಿಷಯ ತೆಗೆದೆ. "ಅಯ್ಯೋ ಬಿಡಿ ಸಾರ್, ನೀವು ತಾನೇ ಏನು ಮಾಡಕ್ಕಾಗ್ತಿತ್ತು. ಎಲ್ಲ ಅಮೆರಿಕದವರ ಆಟ" ಅಂದರು. ಹೂವಿನ ಅಂಗಡಿಯವನು ಚಿಲ್ಲರೆ ಕೊಡುತ್ತಿದ್ದ. ನಾನು ಎಣಿಸಿ ಜೇಬಿಗೆ ಹಾಕಿಕೊಂಡೆ, ಏನೂ ಹೇಳಲಿಲ್ಲ.